ಸಂಖ್ಯೆಗಳಿಗೆ ಹೆಸರಾದ ಸನ್ಯಾಸಿ: ವಂ. ಮರಿನ್ ಮೆರ್ಸೆನ್

ವಿಶ್ವಾಸಕ್ಕೂ ವಿಜ್ಞಾನಕ್ಕೂ ಹೊಂದಾಣಿಕೆಯಿಲ್ಲ ಎಂಬ ಮಾತು ನಮ್ಮ ಯುವಜನರ ಕಿವಿಗೆ ಆಗಾಗ ಬೀಳುತ್ತದೆ. ಗಣಿತ ಪುಸ್ತಕಗಳಲ್ಲಿ ಇಂದಿಗೂ ಹೆಸರು ಉಳಿದಿರುವ ಒಬ್ಬ ಕಥೋಲಿಕ ಧರ್ಮಗುರುವನ್ನು ನಾವು ಇಲ್ಲಿ ನೆನೆಯುತ್ತಿದ್ದೇವೆ.

ಮರಿನ್ ಮೆರ್ಸೆನ್ ಫ್ರಾನ್ಸಿನ ಒಂದು ಹಳ್ಳಿಯ ಸಾಮಾನ್ಯ ಕುಟುಂಬದಲ್ಲಿ 1588ರ ಸೆಪ್ಟೆಂಬರ್ 8ರಂದು ಜನಿಸಿದರು. ನಾವು ಮೊಂತಿ ಹಬ್ಬ ಆಚರಿಸುವ ದಿನವದು. ಲಾ ಫ್ಲೆಶ್‌ನ ಯೇಸುಸಭೆಯ ಕಾಲೇಜಿನಲ್ಲಿ ಓದಿ, ಪ್ಯಾರಿಸ್‌ನಲ್ಲಿ ದೈವಶಾಸ್ತ್ರ ಕಲಿತು, 1611ರಲ್ಲಿ ಪಾವ್ಲಾದ ಸಂತ ಫ್ರಾನ್ಸಿಸರು ಸ್ಥಾಪಿಸಿದ ಮಿನಿಮ್ ಸಭೆಯನ್ನು ಸೇರಿ, ಗುರುದೀಕ್ಷೆ ಪಡೆದರು. ಮಾಂಸ, ಮೊಟ್ಟೆ, ಹಾಲು ಬಿಟ್ಟು ವರ್ಷವಿಡೀ ತಪಸ್ಸುಕಾಲದಂತೆ ಬದುಕುವುದು ಆ ಸಭೆಯ ನಿಯಮ.

1619ರಿಂದ ಪ್ಯಾರಿಸ್‌ನ ಮಠವೇ ಅವರ ಮನೆಯಾಯಿತು. ಅವರ ಪುಟ್ಟ ಕೋಣೆಯಿಂದ ಡೆಕಾರ್ಟ್, ಫರ್ಮಾ ಮೊದಲಾದ ಪಂಡಿತರಿಗೆ ಪತ್ರಗಳು ಹೋಗುತ್ತಿದ್ದವು. ವಿಜ್ಞಾನ ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ಒಬ್ಬರ ಶೋಧನೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ಸೇವೆಯನ್ನು ಅವರು ಮಾಡಿದರು. 1633ರಲ್ಲಿ ಗೆಲಿಲಿಯೋ ಶಿಕ್ಷೆಗೊಳಗಾದ ಮರುವರ್ಷವೇ ಅವರ ಯಂತ್ರಶಾಸ್ತ್ರದ ಕೃತಿಯನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸುವ ಧೈರ್ಯವನ್ನೂ ತೋರಿದರು.

ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ ಅವಿಭಾಜ್ಯ ಸಂಖ್ಯೆ. ಮೂರು ಎರಡುಗಳನ್ನು ಗುಣಿಸಿ ಒಂದು ಕಳೆದರೆ 7, ಐದು ಎರಡುಗಳಾದರೆ 31, ಎರಡೂ ಅವಿಭಾಜ್ಯ. ಆದರೆ ಹನ್ನೊಂದು ಎರಡುಗಳಿಂದ ಬರುವ 2047 ಹಾಗಲ್ಲ, ಅದು 23 ಮತ್ತು 89ರ ಗುಣಲಬ್ಧ. 257 ಎರಡುಗಳವರೆಗೆ ಎಲ್ಲೆಲ್ಲಿ ಅವಿಭಾಜ್ಯ ಸಂಖ್ಯೆ ದೊರೆಯುತ್ತದೆಂದು ಮೆರ್ಸೆನ್ 1644ರಲ್ಲಿ ಪಟ್ಟಿ ಕೊಟ್ಟರು. 15-20 ಅಂಕಿಗಳ ಸಂಖ್ಯೆಯನ್ನು ಪರೀಕ್ಷಿಸಲು ಎಷ್ಟು ಕಾಲವೂ ಸಾಲದೆಂದು ಅವರೇ ಒಪ್ಪಿಕೊಂಡಿದ್ದರು.

ಪರೀಕ್ಷೆ ಮುಂದಿನ ತಲೆಮಾರುಗಳ ಪಾಲಿಗೆ ಬಂತು. 31 ಎರಡುಗಳಿಂದ ಬರುವ 2147483647 ಅವಿಭಾಜ್ಯವೆಂದು ಆಯ್ಲರ್ 1772ರಲ್ಲಿ ತೋರಿಸಿದರು. ಪಟ್ಟಿಯ 127 ಸರಿಯೆಂದು ಲೂಕಾಸ್ 1876ರಲ್ಲಿ ಸಾಧಿಸಿದರು. ಆ ಸಂಖ್ಯೆಗೆ 39 ಅಂಕಿಗಳು. ಆದರೆ 67 ತಪ್ಪಾಗಿತ್ತು. 1903ರಲ್ಲಿ ಕೋಲ್ ಅದರ ಅಪವರ್ತನಗಳನ್ನೇ ಹೊರತಂದರು. 257 ಸಹ ತಪ್ಪಾಗಿತ್ತು. 61, 89, 107 ಬಿಟ್ಟುಹೋಗಿದ್ದವು. ಲೆಕ್ಕ ಪೂರ್ತಿಯಾಗಲು ಮುನ್ನೂರು ವರ್ಷಗಳೇ ಹಿಡಿದವು. ಆದರೂ ಈ ಸಂಖ್ಯೆಗಳಿಗೆ ಮೆರ್ಸೆನ್ನರ ಹೆಸರೇ ಉಳಿಯಿತು. 2024ರಲ್ಲಿ ಸ್ವಯಂಸೇವಕರ ಕಂಪ್ಯೂಟರ್ ಬಳಗ ಪತ್ತೆಹಚ್ಚಿದ, 4,10,24,320 ಅಂಕಿಗಳ ಅವಿಭಾಜ್ಯ ಸಂಖ್ಯೆಯೂ ಇದೇ ಕುಲದ್ದು.

1648ರ ಸೆಪ್ಟೆಂಬರ್ 1ರಂದು ಅವರು ದೈವಾಧೀನರಾದರು. ರೋಗದ ಕಾರಣ ತಿಳಿಯಲೆಂದು ತಮ್ಮ ದೇಹವನ್ನು ಕೊಯ್ದು ಪರೀಕ್ಷಿಸಬೇಕೆಂದು ಮೊದಲೇ ಹೇಳಿದ್ದರು.

ತಿಳಿದದ್ದನ್ನು ಬಚ್ಚಿಡದೆ ಹಂಚಿಕೊಳ್ಳುವುದು, ಅದನ್ನು ಇತರರು ಒರೆಗೆ ಹಚ್ಚಲು ಬಿಡುವುದು ಸತ್ಯದ ಸೇವೆ. ಸತ್ಯವೆಲ್ಲ ದೇವರದ್ದೇ ಎಂದು ನಂಬುವ ನಾವು ಮಕ್ಕಳ ಪ್ರಶ್ನೆಗಳಿಗೆ ಹೆದರಬೇಕಾಗಿಲ್ಲ. ನಮ್ಮ ಧರ್ಮಕೇಂದ್ರಗಳ ಧರ್ಮೋಪದೇಶ ತರಗತಿಗಳಲ್ಲಿ ಈ ಸನ್ಯಾಸಿಯ ಕಥೆಗೂ ಒಂದು ದಿನ ಸ್ಥಳ ಸಿಗಲಿ.