ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್



ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮೊದಲು ಹಾಸನಕ್ಕೆ ಓಡುತ್ತೇವೆ, ಅಲ್ಲಿಂದ ಬೆಂಗಳೂರಿಗೆ. ಅಲ್ಲೂ ಗುಣ ಕಾಣದಿದ್ದರೆ ಹಿರಿಯರು ಯಾರಾದರೂ ವೆಲ್ಲೂರಿನ ಹೆಸರು ತೆಗೆಯುತ್ತಾರೆ. ನಮ್ಮ ಬೇಲೂರಿಗೂ ಶಾಸನಗಳಲ್ಲಿ ವೇಲಾಪುರಿ, ವೇಲೂರು ಎಂಬ ಹೆಸರಿದೆ. ಆದರೆ ಇದು ತಮಿಳುನಾಡಿನ ವೆಲ್ಲೂರು, ಸಿ.ಎಂ.ಸಿ. ಆಸ್ಪತ್ರೆಯ ಊರು. ಆ ಆಸ್ಪತ್ರೆಯನ್ನು ಕಟ್ಟಿದವರು ಐಡಾ ಸೋಫಿಯಾ ಸ್ಕಡರ್ ಎಂಬ ಹೆಣ್ಣುಮಗಳು. ನಮ್ಮ ದ್ವಿತೀಯ ಪಿಯುಸಿ ಹುಡುಗಿಯರಲ್ಲಿ ಹಲವರು ನರ್ಸಿಂಗ್ ಸೇರುವ ಮಾತಾಡುತ್ತಿದ್ದಾರೆ. ಜೀವಶಾಸ್ತ್ರ ಪಾಠ ಮಾಡುವ ನನಗೆ, ಅವರು ಅರ್ಜಿ ತುಂಬುವ ಮೊದಲು ಐಡಾ ಅವರ ಬದುಕನ್ನು ತಿಳಿದರೆ ಒಳ್ಳೆಯದು ಅನಿಸಿತು.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕದಿಂದ ಹಡಗು ಹತ್ತಿ ಈ ಕಡೆ ಬಂದ ಮಿಷನರಿ ವೈದ್ಯ. ತಂದೆಯೂ ಅದೇ ಕೆಲಸದವರು. ಅಣ್ಣಂದಿರ ನಡುವೆ ಇವರೊಬ್ಬರೇ ಹೆಣ್ಣು. ಐದಾರು ವರ್ಷದ ಮಗುವಾಗಿದ್ದಾಗ 1876-78ರ ಮಹಾಕ್ಷಾಮ ಬಂತು. ನಮ್ಮ ಮೈಸೂರು ಸೀಮೆಯನ್ನೂ ಬರಿದು ಮಾಡಿದ ಧಾತು, ಈಶ್ವರ ಸಂವತ್ಸರಗಳ ಬರ ಅದೇ. ಹಸಿದ ಮಕ್ಕಳನ್ನು ಕಣ್ಣಾರೆ ಕಂಡ ಐಡಾ ದೊಡ್ಡವರಾದ ಮೇಲೆ ಅಮೆರಿಕದಲ್ಲಿ ಓದಿ ಅಲ್ಲೇ ಉಳಿಯುವ ಮನಸ್ಸು ಮಾಡಿದ್ದರು. ಮಿಷನರಿ ಆಗುವ ಆಸೆ ಅವರಿಗೆ ಚೂರೂ ಇರಲಿಲ್ಲ.

1890ರಲ್ಲಿ ತಾಯಿಗೆ ಕಾಯಿಲೆ ಎಂದು ಸ್ವಲ್ಪ ದಿನದ ಮಟ್ಟಿಗೆ ತಿಂಡಿವನಂಗೆ ಬಂದರು. ಅಲ್ಲಿದ್ದಾಗ ಒಂದು ರಾತ್ರಿ ಒಬ್ಬ ಬ್ರಾಹ್ಮಣ ಯುವಕ ಬಾಗಿಲು ತಟ್ಟಿದ. ಚಿಕ್ಕ ವಯಸ್ಸಿನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬನ್ನಿ ಎಂದು ಕೇಳಿಕೊಂಡ. ಐಡಾ ತಾನು ಡಾಕ್ಟರಲ್ಲ, ತಂದೆ ಬರುತ್ತಾರೆ ಎಂದರು. ಪರಗಂಡಸು ಬರುವಂತಿಲ್ಲ ಎಂದು ಆತ ಹೊರಟುಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಮುಸಲ್ಮಾನ ಬಂದ. ಅದೇ ಕೋರಿಕೆ, ಅದೇ ಉತ್ತರ. ಆಮೇಲೆ ಮತ್ತೊಬ್ಬ ಹಿಂದೂ. ಬೆಳಗಾಗುವ ಹೊತ್ತಿಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು.

ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳಿಗೆ ಮೊದಲು ಸಿಟ್ಟು ಬರುವುದು ಆ ಗಂಡಂದಿರ ಮೇಲೆ. ನನಗೆ ಹಾಗನ್ನಿಸುವುದಿಲ್ಲ. ಹೆಂಡತಿ ಬದುಕಲಿ ಎಂದೇ ಅವರು ನಡುರಾತ್ರಿ ಎದ್ದು ಬಂದಿದ್ದರು. ಪರ್ದಾದಿಂದಲೇ ಹೀಗಾಯಿತು ಎಂದು ಕೆಲವರು ಈ ಕಥೆ ಹೇಳುವುದುಂಟು. ಮೂವರಲ್ಲಿ ಇಬ್ಬರು ಹಿಂದೂಗಳು ಎಂಬುದನ್ನು ಅವರು ಮರೆತಿರುತ್ತಾರೆ. ಊರಿನಲ್ಲಿ ಡಾಕ್ಟರ್ ಇದ್ದರು, ಔಷಧಿಯೂ ಇತ್ತು. ಆ ಮನೆಗಳ ಒಳಕೋಣೆಗೆ ಕಾಲಿಡಬಲ್ಲ ಒಬ್ಬ ಹೆಂಗಸು ಇರಲಿಲ್ಲ, ಅಷ್ಟೇ. ಐಡಾ ಆ ಪದ್ಧತಿಯ ಜೊತೆ ವಾದಕ್ಕೆ ನಿಲ್ಲಲಿಲ್ಲ. ಆ ಬಾಗಿಲು ಯಾರಿಗೆ ತೆರೆಯುತ್ತದೋ ಅಂಥವಳು ತಾನಾಗಬೇಕೆಂದು ಓದಲು ಹೊರಟರು.

1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿ, ಮುಂದೆ ಕಾರ್ನೆಲ್‌ನಲ್ಲಿ ಓದು ಮುಗಿಸಿ, 1899ರಲ್ಲಿ ಡಾಕ್ಟರಾದರು. 1900ರಲ್ಲಿ ವೆಲ್ಲೂರಿಗೆ ಬಂದರು. ಜೊತೆಗೆ ಬಂದ ಗೆಳತಿ ಆ್ಯನಿ ಹ್ಯಾನ್‌ಕಾಕ್ ಮನೆಮನೆಗೆ ಹೋಗಿ ಹೆಂಗಸರ ಪರಿಚಯ ಮಾಡಿಕೊಳ್ಳುವ ಕೆಲಸ ಹಿಡಿದರು. ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು. ಬಂಗಲೆಯ ಒಂದು ಸಣ್ಣ ಕೋಣೆಯೇ ಐಡಾ ಅವರ ಮೊದಲ ದವಾಖಾನೆ. ಮ್ಯಾನ್‌ಹಟನ್ನಿನ ಒಬ್ಬ ಬ್ಯಾಂಕರ್ ಹೆಂಡತಿಯ ನೆನಪಿಗೆ ಕೊಟ್ಟ 10,000 ಡಾಲರಿನಿಂದ 1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ಎದ್ದಿತು.

ವೆಲ್ಲೂರು ಎಂಥ ಊರು ಎಂದೂ ಹೇಳಬೇಕು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನರ ಮಕ್ಕಳನ್ನು ಇಟ್ಟಿದ್ದು ಇಲ್ಲಿನ ಕೋಟೆಯಲ್ಲೇ. 1806ರ ಜುಲೈ 10ರಂದು ಸಿಪಾಯಿಗಳು ದಂಗೆ ಎದ್ದದ್ದೂ ಇಲ್ಲೇ. ಹಣೆಗೆ ನಾಮ ಹಚ್ಚಬಾರದು, ಗಡ್ಡ ಬಿಡಬಾರದು, ಚರ್ಮ ಸೇರಿಸಿದ ಹೊಸ ಬಗೆಯ ಪೇಟ ತೊಡಬೇಕು ಎಂಬ ಸೇನಾ ಆಜ್ಞೆ ಅದಕ್ಕೆ ದೊಡ್ಡ ಕಾರಣ. ಜನರ ಮೈಮೇಲಿನ ಗುರುತುಗಳನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆ ಬರುವ ನೂರು ವರ್ಷ ಮೊದಲೇ ನೋಡಿದ ಊರು ಅದು.

ಒಬ್ಬ ಲೇಡಿ ಡಾಕ್ಟರಿಂದ ಒಂದು ಜಿಲ್ಲೆಯ ಹೆಂಗಸರನ್ನು ನೋಡಲಾಗದು ಎಂಬುದು ಐಡಾ ಅವರಿಗೆ ಬೇಗ ತಿಳಿಯಿತು. 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. ನನ್ನ ಲೆಕ್ಕದಲ್ಲಿ ಅವರ ಎಲ್ಲ ಕೆಲಸಗಳಲ್ಲಿ ಇದೇ ದೊಡ್ಡದು, ಆದರೆ ಜನ ಮೆಡಿಕಲ್ ಕಾಲೇಜನ್ನೇ ಹೊಗಳುತ್ತಾರೆ. ಬೇರೆಯವರ ಗಾಯ, ರಕ್ತ, ಮಲ ಮುಟ್ಟುವ ಕೆಲಸ ಕೀಳು ಎಂಬ ಭಾವನೆ ಆಗ ಬಲವಾಗಿತ್ತು. ಮರ್ಯಾದಸ್ಥರ ಮನೆಯ ಹುಡುಗಿ ರಾತ್ರಿ ಹೊರಗಿರುವುದಂತೂ ಯೋಚಿಸಲೂ ಆಗದ ಮಾತು. ಆದರೂ ಈ ನೆಲದ ಹುಡುಗಿಯರೇ ಬೇಕಿತ್ತು. ಡಾಕ್ಟರ್ ಐದು ನಿಮಿಷ ನೋಡಿ ಹೋಗುತ್ತಾರೆ, ನರ್ಸ್ ಇಡೀ ಪಾಳಿ ಇರುತ್ತಾಳೆ. ಅತ್ತೆಯ ಮುಂದೆ ಬಾಯಿ ಬಿಡದ ಸೊಸೆ ತನ್ನ ಭಾಷೆಯ ನರ್ಸಿನ ಹತ್ತಿರ ನೋವು ಹೇಳಿಕೊಳ್ಳುತ್ತಾಳೆ.

ಆಸ್ಪತ್ರೆಗೆ ಬರಲಾಗದವರ ಬಳಿಗೆ ಐಡಾ ಅವರೇ ಹೋದರು, ಎತ್ತಿನ ಗಾಡಿಯಲ್ಲಿ, ಆಮೇಲೆ ಒಂದು ಪ್ಯೂಜೋ ಮೋಟಾರಿನಲ್ಲಿ. ದಾರಿಯುದ್ದಕ್ಕೂ ಮರದ ನೆರಳಲ್ಲಿ ರೋಗಿಗಳು ಕಾದಿರುತ್ತಿದ್ದರು. 1918ರ ಆಗಸ್ಟ್ 12ರಂದು 17 ಹುಡುಗಿಯರೊಂದಿಗೆ ಮಹಿಳಾ ಮೆಡಿಕಲ್ ಶಾಲೆ ಶುರುವಾಯಿತು. ಹುಡುಗಿಯರು ಪಾಸಾಗುವುದು ಅನುಮಾನ ಎಂದವರಿದ್ದರು. 1922ರಲ್ಲಿ ಪರೀಕ್ಷೆಗೆ ಕುಳಿತ 14 ಮಂದಿಯೂ ಪಾಸಾದರು. 1946ರಲ್ಲಿ ನರ್ಸಿಂಗ್ ಶಾಲೆ ಮದರಾಸು ವಿಶ್ವವಿದ್ಯಾಲಯದ ಪದವಿ ಕೊಡುವ ಕಾಲೇಜಾಯಿತು. ಮರುವರ್ಷ ಮೆಡಿಕಲ್ ಕಾಲೇಜಿಗೆ ಗಂಡುಮಕ್ಕಳನ್ನೂ ಸೇರಿಸಿಕೊಂಡರು. ಕೊಡೈಕೆನಾಲಿನಲ್ಲಿ ನಿವೃತ್ತ ಜೀವನ ನಡೆಸಿದ ಐಡಾ 1960ರ ಮೇ ತಿಂಗಳಲ್ಲಿ ತೀರಿಕೊಂಡರು. ಮದುವೆಯಾಗಲಿಲ್ಲ. ತಮ್ಮ ಧರ್ಮವನ್ನು ಜನರಿಗೆ ಹೇಳಬೇಕೆಂಬ ಆಸೆಯೂ ಅವರಿಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಹಾಗಂತ ಅವರಿಂದ ಕಲಿಯಲು ನಮಗೆ ಸಂಕೋಚ ಬೇಕಿಲ್ಲ.

ನಮ್ಮ ನಾಡಿನಲ್ಲೂ ಇದೇ ಯೋಚನೆ ನಡೆದಿತ್ತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಮೊದಲು ಹೆಂಗಸರು ಮಕ್ಕಳಿಗಾಗಿಯೇ ಇತ್ತು. ಬೆಂಗಳೂರು ಶಿವಾಜಿನಗರದ ಘೋಷಾ ಆಸ್ಪತ್ರೆ ಕಚ್ಚೀ ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರು ಹೊತ್ತಿದೆ. ಘೋಷಾ ಎಂದರೆ ಪರ್ದಾ ಎಂದೇ ಅರ್ಥ. ಇನ್ನೂ ಹಿಂದೆ ಹೋದರೆ ಮದೀನಾದಲ್ಲಿ ಮಸೀದಿಯ ಬಳಿ ಗುಡಾರ ಹಾಕಿ ಗಾಯಾಳುಗಳ ಆರೈಕೆ ಮಾಡಿದ ಹಜರತ್ ರುಫೈದಾ (ರ.ಅ.) ಇದ್ದಾರೆ. ಹಾಗಾಗಿ ನರ್ಸಿಂಗ್ ನಮ್ಮವರ ಕೆಲಸವಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಈಗ ನಮ್ಮ ತಾಲ್ಲೂಕುಗಳ ವಾರ್ಡನ್ನೇ ಯೋಚಿಸಿ. ಅರಸೀಕೆರೆ ಸುತ್ತಿನ ತಾಂಡಾಗಳಿಂದ ಲಂಬಾಣಿ ಅಜ್ಜಿ ಬರುತ್ತಾಳೆ, ಪೇಟೆಯಿಂದ ಉರ್ದು ಮಾತ್ರ ಬರುವ ದಾದಿಮಾ, ಬೇಲೂರು ಕಡೆಯ ಕಾಫಿ ತೋಟದಿಂದ ಕೂಲಿಯವರು. ಆಪರೇಷನ್ನಿಗೆ ಮೊದಲು ಲಿಂಗಾಯತ ಯಜಮಾನರ ಕೊರಳ ಇಷ್ಟಲಿಂಗವನ್ನು ಬಿಚ್ಚಿ ಟ್ರೇಗೆ ಹಾಕುವಂತಿಲ್ಲ. ಯಾರ ಕೈಗೆ ಕೊಡಲಿ ಎಂದು ಅವರನ್ನೇ ಕೇಳಬೇಕು. ಜೈನರಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ಮಾಡದವರಿದ್ದಾರೆ, ಊಟದ ನಂತರದ ಮಾತ್ರೆ ಅವರಿಗೆ ಎಷ್ಟು ಹೊತ್ತಿಗೆ? ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರು ಡಾಕ್ಟರಿಗೆ ಹೇಳದೆ ರೋಜಾ ಇಟ್ಟು ಮಧ್ಯಾಹ್ನ ತಲೆ ಸುತ್ತಿ ಬೀಳುತ್ತಾರೆ. ಸಹರಿ, ಇಫ್ತಾರ್ ಗೊತ್ತಿರುವ ನರ್ಸ್ ಮೊದಲೇ ಕೇಳಿ ಡಾಕ್ಟರಿಗೆ ತಿಳಿಸುತ್ತಾಳೆ. ಮಗು ಹುಟ್ಟಿದ ಕೂಡಲೇ ಕಿವಿಯಲ್ಲಿ ಅಜಾನ್ ಹೇಳಲು ಎರಡು ನಿಮಿಷ ಬಿಟ್ಟುಕೊಟ್ಟರೆ ಏನೂ ಕೆಡುವುದಿಲ್ಲ.

ಎಲ್ಲ ಪದ್ಧತಿಗೂ ತಲೆಯಾಡಿಸಿ ಎಂದು ನಾನು ಹೇಳುತ್ತಿಲ್ಲ. ಮೊದಲ ಗಟ್ಟಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು ನಮ್ಮ ಕಡೆ ಇನ್ನೂ ಕೆಲವು ಮನೆಗಳಲ್ಲಿದೆ. ಅಲ್ಲಿ ನರ್ಸ್ ಬೇಡ ಎನ್ನಲೇಬೇಕು. ಆದರೆ ಸೊಸೆಯನ್ನು ಗದರಿಸಿದರೆ ಪ್ರಯೋಜನವಿಲ್ಲ, ಆ ಮನೆಯಲ್ಲಿ ತೀರ್ಮಾನ ಮಾಡುವ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ನಮ್ಮ ಹುಡುಗಿಯರಿಗೆ ಈ ಕೆಲಸದ ಅರ್ಧ ಪಾಠ ಆಗಲೇ ಬಂದಿದೆ.

ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್, ಮೂರು ವರ್ಷದ ಜಿ.ಎನ್.ಎಂ. ಬಗ್ಗೆ ಕೇಳಬೇಕಾದವರು ಸ್ಟಾಫ್ ರೂಮಿಗೆ ಬನ್ನಿ. ಅಮ್ಮೀ, ಅಬ್ಬಾ ಅವರನ್ನೂ ಕರೆತನ್ನಿ. ಹಾಸ್ಟೆಲ್, ರಾತ್ರಿ ಪಾಳಿ, ಸಮವಸ್ತ್ರ, ತಲೆಗೆ ಸ್ಕಾರ್ಫ್, ಎಲ್ಲವನ್ನೂ ಅವರ ಎದುರಿಗೇ ಮಾತಾಡೋಣ.