ಆಚಾರ್ಯ ಪಂಚಾನನ ಮಾಹೇಶ್ವರಿ

ನಮ್ಮ ಹೊಟೇಲುಗಳಲ್ಲಿ ಇಡ್ಲಿಗಾಗಿ ಅಕ್ಕಿಯನ್ನೂ ಉದ್ದನ್ನೂ ನಿತ್ಯವೂ ನೆನೆಹಾಕುತ್ತೇವೆ. ಅಕ್ಕಿಯ ಕಾಳು ಬಹುಮಟ್ಟಿಗೆ ಎಳೆಯ ಸಸಿಗಾಗಿ ಕೂಡಿಟ್ಟ ಬುತ್ತಿ. ಉದ್ದಿನ ಬೇಳೆಯಾದರೋ ಆ ಸಸಿಶಿಶುವಿನ ಅಂಗವೇ. ಈ ಭೇದವು ಹೇಗೆ ಉಂಟಾಯಿತೆಂಬುದನ್ನು ತಿಳಿಸುವ ವಿದ್ಯೆಗೆ ಸಸ್ಯಭ್ರೂಣಶಾಸ್ತ್ರವೆಂದು ಹೆಸರು. ಆ ಶಾಸ್ತ್ರದಲ್ಲಿ ದಿಲ್ಲಿಗೆ ಜಗತ್ತಿನಲ್ಲೇ ಸ್ಥಾನವನ್ನು ಗಳಿಸಿಕೊಟ್ಟ ಮಹನೀಯರು ದಿವಂಗತ ಪ್ರೊಫೆಸರ್ ಪಂಚಾನನ ಮಾಹೇಶ್ವರಿಯವರು. ಅವರ ಜೀವನವೃತ್ತವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮಾಹೇಶ್ವರಿಯವರು ೧೯೦೪ನೆಯ ಇಸವಿ ನವೆಂಬರ್ ೯ರಂದು ಜಯಪುರದಲ್ಲಿ ಜನಿಸಿದರು. ತಂದೆಯವರು ಗುಮಾಸ್ತರು; ಆದಾಯವು ಅಲ್ಪವಾಗಿದ್ದರೂ ಮಗನ ವಿದ್ಯೆಗೆ ಶಕ್ತಿಮೀರಿ ವೆಚ್ಚ ಮಾಡಿದರು. ವೈದ್ಯನಾಗಬೇಕೆಂಬ ಹುಡುಗನ ಆಸೆಗೆ ದೃಷ್ಟಿಮಾಂದ್ಯವು ಅಡ್ಡಬಂದಿತು. ಅಲಹಾಬಾದಿನ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅಮೆರಿಕದ ಮಿಶನರಿ ಅಧ್ಯಾಪಕರಾದ ವಿನ್‌ಫೀಲ್ಡ್ ಡಡ್ಜನ್ ಅವರು ಈ ತರುಣನನ್ನು ಸಸ್ಯಶಾಸ್ತ್ರದತ್ತ ಒಲಿಸಿದರು. ೧೯೩೧ರಲ್ಲಿ ಡಿ.ಎಸ್‌ಸಿ. ಪದವಿಯು ದೊರೆಯಿತು. ಗುರುದಕ್ಷಿಣೆಯಾಗಿ ಏನನ್ನು ಸಲ್ಲಿಸಲೆಂದು ಶಿಷ್ಯನು ಕೇಳಲಾಗಿ, ತಾನು ಅವನಿಗೆ ಮಾಡಿದುದನ್ನು ಅವನು ತನ್ನ ಶಿಷ್ಯರಿಗೆ ಮಾಡಿದರೆ ಸಾಕೆಂದು ಗುರುಗಳು ತಿಳಿಸಿದರಂತೆ. ಅವರ ಮುಂದಿನ ಬಾಳೆಲ್ಲವೂ ಆ ಋಣವನ್ನು ತೀರಿಸಿದ ಕಥೆಯೇ ಆಗಿದೆ.

ಆಗ್ರಾ, ಲಖನೌ, ಢಾಕಾ ಮೊದಲಾದೆಡೆ ಅಧ್ಯಾಪನ ನಡೆಸಿದ ಬಳಿಕ, ಉಪಕುಲಪತಿ ಸರ್ ಮಾರಿಸ್ ಗ್ವಯರ್ ಅವರ ಆಹ್ವಾನದ ಮೇರೆಗೆ ೧೯೪೯ರಲ್ಲಿ ಮಾಹೇಶ್ವರಿಯವರು ದಿಲ್ಲಿ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅವರು ಸೂಕ್ಷ್ಮದರ್ಶಕದಲ್ಲಿ ಕಂಡುದೇನೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಹೂವಿನ ಅಂಡಕದೊಳಗೆ ಒಂದು ಜೀವಕೋಶವು ಒಡೆದು ನಾಲ್ಕಾಗುತ್ತದೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ನಶಿಸಿ ಒಂದು ಮಾತ್ರ ಉಳಿಯುತ್ತದೆ. ಉಳಿದುದರ ಕೋಶಕೇಂದ್ರವು ಮೂರಾವರ್ತಿ ಇಬ್ಭಾಗವಾಗಿ ಎಂಟಾಗುತ್ತದೆ. ಎಂಟೂ ಒಂದೇ ಮೂಲದಿಂದ ಬಂದವು. ಆದರೂ ಅವುಗಳ ಪಾಲಿನ ಕೆಲಸ ಬೇರೆಬೇರೆ. ಒಂದು ಅಂಡವಾಗುತ್ತದೆ; ಎರಡು ಅದರ ಪಕ್ಕದ ಸಹಾಯಕರು; ಮೂರು ಎದುರು ತುದಿಯಲ್ಲಿ ನಿಲ್ಲುತ್ತವೆ; ಎರಡು ನಡುವೆ ಸೇರುತ್ತವೆ. ಪರಾಗನಾಳದ ಮೂಲಕ ಬಂದ ಎರಡು ಗಂಡುಕೋಶಗಳಲ್ಲಿ ಒಂದು ಅಂಡವನ್ನು ಕೂಡಿ ಭ್ರೂಣಕ್ಕೆ ಕಾರಣವಾಗುತ್ತದೆ. ಇನ್ನೊಂದು ನಡುವಣ ಜೋಡಿಯನ್ನು ಕೂಡಿ ಭ್ರೂಣಾಹಾರವಾಗುತ್ತದೆ. ಎಳನೀರು ಈ ಆಹಾರವೇ. ಅದರಲ್ಲಿ ತೇಲುವ ಬಿಡಿ ಕೋಶಕೇಂದ್ರಗಳು ಕ್ರಮೇಣ ಒಳಮೈಗೆ ಸೇರಿ, ಕೋಶಗಳಾಗಿ, ನಾವು ಚಟ್ನಿಗೆ ತುರಿಯುವ ತಿರುಳಾಗುತ್ತವೆ.

ಫಲಿತವಾದ ಅಂಡವು ಸಾಮಾನ್ಯವಾಗಿ ಅಡ್ಡಲಾಗಿ ಎರಡಾಗುತ್ತದೆ. ಒಂದು ಪಾಲು ಮುಖ್ಯವಾಗಿ ಭ್ರೂಣವಾದರೆ, ಮತ್ತೊಂದು ಭ್ರೂಣವನ್ನು ಆಹಾರದೊಳಕ್ಕೆ ಒತ್ತಿ ಪೋಷಿಸುವ ತೊಟ್ಟಾಗುತ್ತದೆ. ಕೆಲಸ ಮುಗಿದೊಡನೆ ಆ ತೊಟ್ಟು ಕರಗಿಹೋಗುತ್ತದೆ. ಮೊದಲು ಗುಂಡಗಿದ್ದ ಭ್ರೂಣವು ದ್ವಿದಳ ಸಸ್ಯಗಳಲ್ಲಿ ಹೃದಯದ ಆಕಾರವನ್ನು ತಾಳಿ, ಅದರ ಎರಡು ಉಬ್ಬುಗಳು ಬೀಜದಳಗಳಾಗುತ್ತವೆ. ಉದ್ದಿನಲ್ಲಿ ಈ ದಳಗಳು ಭ್ರೂಣಾಹಾರವನ್ನು ಹೀರಿ ದಪ್ಪವಾಗುತ್ತವೆ. ಅಕ್ಕಿಯಲ್ಲಿ ಆಹಾರವು ಹಾಗೆಯೇ ಉಳಿಯುತ್ತದೆ.

ಇಂತಹ ವಿಷಯಗಳನ್ನೆಲ್ಲ ಕ್ರೋಡೀಕರಿಸಿದ ಅವರ ಆಂಗ್ಲ ಗ್ರಂಥವು ೧೯೫೦ರಲ್ಲಿ ಪ್ರಕಟವಾಗಿ, ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಆಧಾರವಾಯಿತು. ೧೯೫೧ರಲ್ಲಿ ಸಸ್ಯರೂಪಶಾಸ್ತ್ರದ ಅಂತರರಾಷ್ಟ್ರೀಯ ಸಂಘವನ್ನು ಅವರು ದಿಲ್ಲಿಯಲ್ಲಿ ಸ್ಥಾಪಿಸಿದರು. ನೋಡುವುದಷ್ಟಕ್ಕೇ ತೃಪ್ತರಾಗದೆ ಪ್ರಯೋಗಕ್ಕೂ ಕೈಯಿಟ್ಟರು. ಶಿಷ್ಯರಾದ ಕುಸುಮ ಕಾಂತಾ ಮತ್ತು ರಂಗಸ್ವಾಮಿಯವರೊಡನೆ ಗಸಗಸೆ ಗಿಡದ ಅಂಡಕಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ಪರಾಗವನ್ನು ಸೋಕಿಸಿ, ಅಲ್ಲಿಯೇ ಬೀಜ ಕಟ್ಟುವಂತೆ ಮಾಡಿದ ಪ್ರಯೋಗವನ್ನು ೧೯೬೨ರಲ್ಲಿ ಪ್ರಕಟಿಸಿದರು. ೧೯೬೪ರಲ್ಲಿ ಅದೇ ವಿಭಾಗದ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಾಹೇಶ್ವರಿ ಅವರು ದತ್ತೂರಿಯ ಪರಾಗಕೋಶದಿಂದ, ಗರ್ಭಧಾರಣೆಯಿಲ್ಲದೆಯೇ, ಭ್ರೂಣಗಳು ಬೆಳೆದುದನ್ನು ಕಂಡರು. ಮುಂದೆ ಬೆಳೆಗಳ ಹೊಸ ತಳಿಗಳನ್ನು ಶೀಘ್ರವಾಗಿ ರೂಪಿಸಲು ಈ ಶೋಧವು ದಾರಿಮಾಡಿತು.

ಕನ್ನಡಿಗರಿಗೂ ಈ ಕಥೆಯಲ್ಲಿ ಪಾಲುಂಟು. ಡಿ.ವಿ.ಜಿ.ಯವರ ಸುಪುತ್ರರೂ ‘ಹಸುರು ಹೊನ್ನು’ ಕೃತಿಯ ಕರ್ತೃಗಳೂ ಆದ ಬಿ. ಜಿ. ಎಲ್. ಸ್ವಾಮಿಯವರು ಇದೇ ಶಾಸ್ತ್ರದಲ್ಲಿ ಪರಿಣತರು. ತಾವು ವರ್ಣಿಸಿದ ಹೊಸ ಸಸ್ಯವೊಂದಕ್ಕೆ ಆಸ್ಕರೀನಾ ಮಾಹೇಶ್ವರಿ ಎಂದು ಹೆಸರಿಟ್ಟು ಅವರು ಈ ಆಚಾರ್ಯರನ್ನು ಗೌರವಿಸಿದರು.

ಶಾಲಾಬಾಲಕರಿಗೂ ಒಳ್ಳೆಯ ಜೀವಶಾಸ್ತ್ರದ ಪಠ್ಯವು ದೊರೆಯಬೇಕೆಂದು ಮಾಹೇಶ್ವರಿಯವರು ಅದರ ರಚನೆಯ ಮುಂದಾಳುತನವನ್ನೂ ವಹಿಸಿದರು. ೧೯೬೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಮರುವರ್ಷ, ೧೯೬೬ರ ಮೇ ೧೮ರಂದು, ೬೧ನೆಯ ವಯಸ್ಸಿನಲ್ಲಿ ಅವರು ದಿಲ್ಲಿಯಲ್ಲಿ ದಿವಂಗತರಾದರು.

ಗುಮಾಸ್ತರ ಮಗನೊಬ್ಬನು ಏರಿದ ಎತ್ತರವಿದು. ಕಷ್ಟಪಟ್ಟ ಒಬ್ಬ ತಂದೆ, ಕೈಹಿಡಿದ ಒಬ್ಬ ಗುರು, ಇವರಿಬ್ಬರಿಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ದುಡಿಯುವ ತರುಣನು ಸಂಜೆಯ ಓದಿಗೆಂದು ಒಂದು ಘಂಟೆ ಬಿಡುವು ಬೇಡಿದಾಗ ಮುಖ ಸಿಂಡರಿಸುವ ಮಾಲೀಕರು ನಮ್ಮಲ್ಲಿ ಇಲ್ಲದಿಲ್ಲ. ಆ ಒಂದು ಘಂಟೆಯೇ ಅವನ ಪಾಲಿನ ಬುತ್ತಿಯಾಗಬಹುದು. ಅದನ್ನು ಕಟ್ಟಿಕೊಡುವುದು ನಮ್ಮ ಕರ್ತವ್ಯವೆಂದು ಮಾಲೀಕ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.