ಮರಳ ದಿಬ್ಬದ ಮೇಲೆ ಹಾರಲು ಕಲಿತವರು

ಕಳೆದ ದಸರಾ ರಜೆಯಲ್ಲಿ ನಾನು ಅಣ್ಣನ ಬೈಕಿನಿಂದ ಬಿದ್ದು ಬಲಗೈ ಮುರಿದುಕೊಂಡದ್ದು ನಮ್ಮ ತರಗತಿಯವರಿಗೆಲ್ಲ ಗೊತ್ತು. ಹೇಗೆ ಬಿದ್ದೆ ಎಂಬುದನ್ನು ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಅಣ್ಣ ಮಲಗಿದ್ದಾಗ ಕೀ ತೆಗೆದುಕೊಂಡು ಹೊರಟಿದ್ದೆ. ಲೈಸೆನ್ಸ್ ಇರಲಿಲ್ಲ, ಗೇರ್ ಹಾಕಲು ಕಲಿತು ಎರಡೇ ದಿನವಾಗಿತ್ತು. ತಿರುವಿನಲ್ಲಿ ಜಲ್ಲಿ ಬಿದ್ದಿತ್ತು, ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಅಷ್ಟೇ.

ಪಿಯುಸಿ ಮುಗಿಸಿ ಪೈಲಟ್ ಆಗುತ್ತೇನೆ ಎಂದು ಮನೆಯಲ್ಲಿ ಎರಡು ವರ್ಷದಿಂದ ಹೇಳುತ್ತಿದ್ದವನು ನಾನು. ಆಸ್ಪತ್ರೆಯಿಂದ ಮನೆಗೆ ಬಂದ ರಾತ್ರಿ ಅಬ್ಬಾ ಬೈಯಲಿಲ್ಲ. ನೆಲದ ಮೇಲೆ ಎರಡು ಚಕ್ರ ನಿಲ್ಲಿಸಲು ಬಾರದವನು ಆಕಾಶದಲ್ಲಿ ಏನು ಮಾಡುತ್ತಾನೆ ಎಂದು ಕೇಳಿ ಸುಮ್ಮನಾದರು. ಬೈದಿದ್ದರೇ ವಾಸಿಯಿತ್ತು.

ಪ್ಲಾಸ್ಟರ್ ಹಾಕಿಕೊಂಡು ಕೂತ ಆರು ವಾರಗಳಲ್ಲಿ ಓದಿದ್ದು ವಿಲ್ಬರ್ ರೈಟ್ ಅವರ ಬದುಕನ್ನು. ರೈಟ್ ಸಹೋದರರು ಎಂದು ಒಟ್ಟಿಗೆ ಹೇಳುವ ರೂಢಿಯಲ್ಲಿ ಅಣ್ಣ ಯಾರು, ತಮ್ಮ ಯಾರು ಎಂಬುದೇ ನಮಗೆ ನೆನಪಿರುವುದಿಲ್ಲ. ವಿಲ್ಬರ್ ಅಣ್ಣ, ಹುಟ್ಟಿದ್ದು 1867ರಲ್ಲಿ. ಆರ್ವಿಲ್ ನಾಲ್ಕು ವರ್ಷ ಚಿಕ್ಕವರು. ನಮ್ಮ ವಯಸ್ಸಿನಲ್ಲಿ ವಿಲ್ಬರ್‌ಗೂ ಪೆಟ್ಟು ಬಿದ್ದಿತ್ತು. ಹಾಕಿ ಆಡುವಾಗ ಕೋಲು ಮುಖಕ್ಕೆ ಬಡಿದು ಮುಂದಿನ ಹಲ್ಲುಗಳು ಹೋದವು. ಕಾಲೇಜಿಗೆ ಹೋಗುವ ಯೋಚನೆ ಅಲ್ಲಿಗೇ ನಿಂತಿತು. ಕ್ಷಯದಿಂದ ಮಲಗಿದ್ದ ತಾಯಿಯನ್ನು 1889ರಲ್ಲಿ ಅವರು ತೀರಿಕೊಳ್ಳುವವರೆಗೆ ನೋಡಿಕೊಂಡರು, ಮನೆಯಲ್ಲಿದ್ದ ಪುಸ್ತಕಗಳನ್ನು ಓದಿದರು. ಆಮೇಲೆ ಡೇಟನ್ ಊರಿನಲ್ಲಿ ಅಣ್ಣ ತಮ್ಮ ಸೇರಿ ಸೈಕಲ್ ಅಂಗಡಿ ಇಟ್ಟರು.

1896ರ ಆಗಸ್ಟ್‌ನಲ್ಲಿ ಜರ್ಮನಿಯ ಆಟೋ ಲಿಲಿಯೆಂಥಾಲ್ ಗ್ಲೈಡರ್‌ನಿಂದ ಬಿದ್ದು ಸತ್ತ ಸುದ್ದಿ ಬಂತು. ಸುಮಾರು ಎರಡು ಸಾವಿರ ಸಲ ಹಾರಿದ್ದ ಅನುಭವಿ. ಅಂಥವರೇ ಸತ್ತರೆಂದರೆ ಇದು ನಮ್ಮ ಕೆಲಸವಲ್ಲ ಎಂದು ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ವಿಲ್ಬರ್ ಲೆಕ್ಕ ಹಾಕಿದರು. ಪ್ರತಿ ಹಾರಾಟ ಕೆಲವೇ ಸೆಕೆಂಡು. ಐದು ವರ್ಷದಲ್ಲಿ ಲಿಲಿಯೆಂಥಾಲ್ ಗಾಳಿಯಲ್ಲಿ ಇದ್ದದ್ದು ಒಟ್ಟು ಐದು ಗಂಟೆಯಷ್ಟೇ. ಐದು ಗಂಟೆ ಓಡಿಸಿದವನು ಸಂತೆಯ ಜನರ ನಡುವೆ ಸೈಕಲ್ ಬಿಟ್ಟರೆ ಏನಾದೀತು? ಕೊರತೆ ಧೈರ್ಯದ್ದಲ್ಲ, ಅಭ್ಯಾಸದ್ದು ಎಂದು ವಿಲ್ಬರ್ ಕಂಡುಕೊಂಡರು. ಈ ಪುಟವನ್ನು ನಾನು ಮೂರು ಸಲ ಓದಿದೆ.

ಹಾಗಾದರೆ ಸಾಯದೆ ಅಭ್ಯಾಸ ಮಾಡುವುದು ಹೇಗೆ? ಹವಾಮಾನ ಇಲಾಖೆಯ ಗಾಳಿಯ ದಾಖಲೆ ನೋಡಿ ಅಟ್ಲಾಂಟಿಕ್ ತೀರದ ಕಿಟಿ ಹಾಕ್ ಆರಿಸಿಕೊಂಡರು. ಅಲ್ಲಿ ಬಲವಾದ ಗಾಳಿ, ಬಿದ್ದರೆ ಮೆತ್ತಗಿನ ಮರಳು. ಜೋರು ಗಾಳಿಗೆ ಎದುರಾಗಿ ಹಾರಿದರೆ ನೆಲದ ಲೆಕ್ಕದಲ್ಲಿ ವೇಗ ಕಡಿಮೆ, ಇಳಿಯುವಾಗ ಪೆಟ್ಟೂ ಕಡಿಮೆ. 1900ರಲ್ಲಿ ಮೊದಲು ಯಂತ್ರವನ್ನು ಗಾಳಿಪಟದ ಹಾಗೆ ಹಗ್ಗ ಕಟ್ಟಿ ಹಾರಿಸಿ, ಅದರ ಸ್ವಭಾವ ನೋಡಿದರು. ನೆಲದಿಂದ ಹೆಚ್ಚು ಮೇಲೆ ಏರುವುದಿಲ್ಲ, ಅಜಾಗರೂಕತೆ ಮತ್ತು ಅತಿ ವಿಶ್ವಾಸವೇ ಹೆಚ್ಚು ಅಪಾಯ ಎಂದು ಅಪ್ಪನಿಗೆ ಪತ್ರ ಬರೆದರು. ಗಂಟೆಗಟ್ಟಲೆ ಹಾರುವ ಆಸೆಯಿಂದ ಹೋದವರಿಗೆ ಆ ವರ್ಷ ನಿಜವಾಗಿ ಸಿಕ್ಕ ಅಭ್ಯಾಸ ಸುಮಾರು ಎರಡು ನಿಮಿಷ. ಎರಡೇ ನಿಮಿಷ!

ಮತ್ತೆ ಹೋದರು. 1901ರ ಗ್ಲೈಡರ್ ನಿರಾಸೆ ತಂದಿತು. ಊರಿಗೆ ಬಂದು ಗಾಳಿ ಸುರಂಗ ಮಾಡಿ, ಇನ್ನೂರರಷ್ಟು ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1902ರಲ್ಲಿ ಹೊಸ ಗ್ಲೈಡರ್. ತಿರುಗಿಸುವಾಗ ಕೆಲವೊಮ್ಮೆ ಅದು ಕೆಳಗಾದ ರೆಕ್ಕೆಯ ಕಡೆಗೇ ಜಾರಿ, ಸುತ್ತುತ್ತ ಮರಳಿಗೆ ತುದಿ ಹೂಳುತ್ತಿತ್ತು. ಅವರು ಅದಕ್ಕೆ ಬಾವಿ ತೋಡುವುದು ಎಂದು ಹೆಸರಿಟ್ಟಿದ್ದರು. ಹಿಂದಿನ ಬಾಲವನ್ನು ತಿರುಗುವಂತೆ ಮಾಡಿದ ಮೇಲೆ ಅದು ಹತೋಟಿಗೆ ಬಂತು. ಆ ಒಂದು ಹಂಗಾಮಿನಲ್ಲೇ ಏಳುನೂರರಿಂದ ಸಾವಿರದಷ್ಟು ಸಲ ಹಾರಿದರು. ಎಂಜಿನ್ ಇನ್ನೂ ಇರಲಿಲ್ಲ, ಗಮನಿಸಿ. ಓಡಿಸುವುದನ್ನು ಕಲಿತ ಮೇಲೆ ಎಂಜಿನ್. ನಾನು ಮಾಡಿದ್ದು ಇದರ ತದ್ವಿರುದ್ಧ.

ಇಷ್ಟಾದರೂ 1903ರ ಡಿಸೆಂಬರ್ 14ರಂದು ನಾಣ್ಯ ಚಿಮ್ಮಿ ಗೆದ್ದ ವಿಲ್ಬರ್ ಎಂಜಿನ್ ಇದ್ದ ವಿಮಾನದ ಮೂತಿಯನ್ನು ಜಾಸ್ತಿ ಮೇಲೆತ್ತಿದರು. ವೇಗ ಸತ್ತು, ಮೂರೂವರೆ ಸೆಕೆಂಡಿನಲ್ಲಿ ವಿಮಾನ ಮರಳಿಗೆ ಬಂತು. ಅಷ್ಟು ಕಲಿತವರ ಕೈಯೂ ತಪ್ಪಿತು ಎಂಬುದು ನನಗೆ ಸಮಾಧಾನವೋ ಭಯವೋ ಗೊತ್ತಿಲ್ಲ. ರಿಪೇರಿ ಮಾಡಿ 17ರಂದು ಹಾರಿದರು. ಮೊದಲ ಸರದಿ ಆರ್ವಿಲ್‌ರದು, 12 ಸೆಕೆಂಡು. ಆ ದಿನದ ಕೊನೆಯ ಹಾರಾಟ ವಿಲ್ಬರ್‌ರದು, 59 ಸೆಕೆಂಡು, 852 ಅಡಿ.

ನಮ್ಮ ಪಠ್ಯದಲ್ಲಿ ಕತೆ ಅಲ್ಲಿಗೆ ಮುಗಿಯುತ್ತದೆ. ಅವರ ಕಲಿಕೆ ಮುಗಿಯಲಿಲ್ಲ. ಡೇಟನ್ ಹತ್ತಿರದ ಹುಲ್ಲುಗಾವಲಿನಲ್ಲಿ ಇನ್ನೆರಡು ವರ್ಷ ಹಾರುತ್ತ, ಬೀಳುತ್ತ, ತಿರುವಿನಲ್ಲಿ ವೇಗ ಕಳೆದುಕೊಂಡಾಗ ಮೂತಿಯನ್ನು ಕೆಳಗೆ ಬಾಗಿಸಬೇಕು ಎಂದು ಕಲಿತರು. ಇವತ್ತಿಗೂ ಫ್ಲೈಯಿಂಗ್ ಸ್ಕೂಲಿನ ಆರಂಭದ ಪಾಠಗಳಲ್ಲಿ ಅದೊಂದು. 1905ರ ಅಕ್ಟೋಬರ್ 5ರಂದು ವಿಲ್ಬರ್ 39 ನಿಮಿಷ ಹಾರಿದರು.

1908ರಲ್ಲಿ ಆರ್ವಿಲ್ ಓಡಿಸುತ್ತಿದ್ದ ವಿಮಾನದ ಪ್ರೊಪೆಲ್ಲರ್ ಬಿರುಕುಬಿಟ್ಟು ಅಪಘಾತವಾಗಿ, ಜೊತೆಗಿದ್ದ ಲೆಫ್ಟಿನೆಂಟ್ ಸೆಲ್ಫ್ರಿಜ್ ಸತ್ತರು. ವಿಲ್ಬರ್ ಆಗ ಫ್ರಾನ್ಸ್‌ನಲ್ಲಿದ್ದರು. ತಾನು ಜೊತೆಗಿದ್ದಿದ್ದರೆ ಎಂದು ಕೊರಗಿದರು, ನಾಲ್ಕೇ ದಿನದಲ್ಲಿ ಮತ್ತೆ ಹಾರಿ ಒಂದೂವರೆ ಗಂಟೆ ಗಾಳಿಯಲ್ಲಿದ್ದರು. 1909ರಲ್ಲಿ ಅಲ್ಲಿನ ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. 1912ರಲ್ಲಿ ವಿಲ್ಬರ್ ತೀರಿಕೊಂಡದ್ದು ವಿಮಾನದಿಂದ ಬಿದ್ದಲ್ಲ, ಟೈಫಾಯ್ಡ್ ಜ್ವರದಿಂದ. ಆಗ ವಯಸ್ಸು 45.

ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಹಾರಬಾರದು ಎಂದು ಅಪ್ಪನಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ಒಂದೇ ಒಂದು ಸಲ, 1910ರ ಮೇ ತಿಂಗಳಲ್ಲಿ, ಅಪ್ಪನ ಒಪ್ಪಿಗೆಯ ಮೇಲೆ ಸಡಿಲಿಸಿದರು. ಅದೇ ದಿನ 81 ವರ್ಷದ ಅಪ್ಪನನ್ನೂ ಆರ್ವಿಲ್ ವಿಮಾನದಲ್ಲಿ ಕರೆದೊಯ್ದರು. ಮುದುಕರು ಹೆದರುವ ಬದಲು ಇನ್ನೂ ಮೇಲಕ್ಕೆ ಹೋಗು ಎಂದರಂತೆ.

ಇದನ್ನು ನಾನು ಅಬ್ಬಾಗೆ ಓದಿ ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ಹುಡುಗರು ಮೊದಲ ವರ್ಷ ಎಷ್ಟು ಎತ್ತರದಲ್ಲಿ ಹಾರಿದ್ದರು ಎಂದು ಕೇಳಿದರು. ಕೆಲವೇ ಅಡಿ ಎಂದೆ. ಈಗ ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಅಣ್ಣನ ಹಳೆಯ ಸೈಕಲ್ ಕೊಟ್ಟು, ಬ್ರೇಕ್ ಹಿಡಿಯುವುದನ್ನು ಮೊದಲಿನಿಂದ ಕಲಿಸುತ್ತಿದ್ದಾರೆ.